ಒಂದು ಕಾಲದ ಶತ್ರುಗಳ ಜಂಟಿ ಕಛೇರಿ: ಯಾವ ಕೃತಿ, ಎಷ್ಟು ತಾಲೀಮು, ಯಾರು ಎಲ್ಲಿ ಕೂರಬೇಕು?

ಓಬೋಶ್ರುತಿ (ಪ್ರಶ್ನೆ)

ಯುದ್ಧ ನಿಂತು 20 ವರ್ಷ ಕಳೆದಿರುವ ಎರಡು ಸಮುದಾಯಗಳ ಸಂಗೀತಗಾರರನ್ನು ಒಂದೇ ವೇದಿಕೆಗೆ ತರುವ ಯೋಜನೆಗೆ ಸಲಹೆ ಬೇಕು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ, ಒಂದು ಸಂಜೆಯ ಕಛೇರಿ. ಕೈಯಲ್ಲಿರುವುದು ಇಷ್ಟು: ಎರಡೂ ಕಡೆಯಿಂದ ತಲಾ 18–20 ವಾದಕರು, ತಲಾ 30 ಗಾಯಕರು, 900 ಜನ ಕೂರುವ ಸಭಾಂಗಣ, 11 ತಿಂಗಳ ಕಾಲಾವಕಾಶ. ಎಲ್ಲರೂ ವೃತ್ತಿಪರರಲ್ಲ, ಅರ್ಧದಷ್ಟು ಮಂದಿ ಸಂಗೀತ ಶಾಲೆಯ ಕೊನೆಯ ವರ್ಷದವರು.

ಹಣ ಕೊಡುವವರಿಗೆ ಬೀಥೋವನ್‌ನ ಒಂಬತ್ತನೇ ಸಿಂಫನಿಯೇ ಆಗಬೇಕು. ಸಮಿತಿಯಲ್ಲಿ ಇನ್ನು ಕೆಲವರಿಗೆ ಇಂಗ್ಲಿಷ್ ಸಂಗೀತಕಾರ ಬ್ರಿಟ್ಟನ್‌ನ ವಾರ್ ರಿಕ್ವಿಯಂ (ಯುದ್ಧದಲ್ಲಿ ಸತ್ತವರಿಗಾಗಿ ಬರೆದ ಗಾಯನಕೃತಿ) ಬೇಕು. ಎರಡೂ ಕಡೆಯ ರಾಷ್ಟ್ರಗೀತೆ ನುಡಿಸಬೇಕೇ ಬೇಡವೇ ಎಂಬ ಜಗಳ ಬೇರೆ. ತಾಲೀಮಿಗೆ ಎರಡು ದಿನ ಸಾಕು ಎಂದು ಖರ್ಚಿನ ಪಟ್ಟಿ ಹೇಳುತ್ತದೆ. ಕಂಡಕ್ಟರ್ ಯಾವ ಕಡೆಯವರಾಗಬೇಕು, ಪ್ರೇಕ್ಷಕರನ್ನು ಹೇಗೆ ಕೂರಿಸಬೇಕು, ಇಂಥ ಕಛೇರಿಗಳು ಎಲ್ಲೆಲ್ಲಿ ಎಡವಿವೆ? ಮಾಡಿ ನೋಡಿದವರ ಕೆಲಸದಿಂದ ಕಲಿಯುವಂಥದ್ದು ಏನಿದ್ದರೂ ತಿಳಿಸಿ.

ಎರಡನೇಪಿಟೀಲು

ಖರ್ಚಿನ ಪಟ್ಟಿಯಿಂದಲೇ ಶುರು ಮಾಡೋಣ, ದೊಡ್ಡ ತಪ್ಪು ಅಲ್ಲಿದೆ. ಎರಡು ದಿನದ ತಾಲೀಮು ಸಾಲದು. ಕಛೇರಿಯ ಸಂಜೆ ಪ್ರೇಕ್ಷಕರು ಎರಡು ಗಂಟೆ ಕತ್ತಲಲ್ಲಿ ಕೂತು, ಪಕ್ಕದವರ ಜತೆ ಒಂದು ಮಾತೂ ಆಡದೆ ಎದ್ದು ಹೋಗಬಹುದು. ನಿಜವಾಗಿ ಎದುರುಬದುರಾಗುವವರು ವಾದಕರು ಮತ್ತು ಗಾಯಕರು, ಅದೂ ತಾಲೀಮಿನ ಕೋಣೆಯಲ್ಲಿ. ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲಿ ಪೂರ್ವಗ್ರಹದ ಬಗ್ಗೆ ಬರೆಯುತ್ತಾ, ಎರಡು ಗುಂಪುಗಳ ಭೇಟಿ ಫಲ ಕೊಡಬೇಕಾದರೆ ನಾಲ್ಕು ಸಂಗತಿ ಬೇಕು ಎಂದರು: ಸಮಾನ ಸ್ಥಾನ, ಒಂದೇ ಗುರಿ, ಸ್ಪರ್ಧೆಯಿಲ್ಲದ ಸಹಕಾರ, ಮೇಲಿನವರ ಬೆಂಬಲ. ಈ ನಾಲ್ಕನ್ನೂ ತಾಲೀಮಿನಲ್ಲಿ ಕೂಡಿಸಬಹುದು. ಪ್ರೇಕ್ಷಕರ ಸಾಲಿನಲ್ಲಿ ಒಂದೂ ತಾನಾಗಿ ಬರುವುದಿಲ್ಲ.

ವೆಸ್ಟ್-ಈಸ್ಟರ್ನ್ ದಿವಾನ್ ವಾದ್ಯವೃಂದವನ್ನು ಕಂಡಕ್ಟರ್ ಡೇನಿಯಲ್ ಬಾರೆನ್‌ಬೊಯಿಮ್ ಮತ್ತು ಪ್ಯಾಲೆಸ್ತೀನಿ ಮೂಲದ ಚಿಂತಕ ಎಡ್ವರ್ಡ್ ಸಯೀದ್ 1999ರಲ್ಲಿ ಜರ್ಮನಿಯ ವೈಮಾರ್‌ನಲ್ಲಿ ಕಟ್ಟಿದಾಗ ಅದು ಬೇಸಿಗೆಯ ಕಾರ್ಯಾಗಾರವಾಗಿತ್ತು. ಹಗಲು ತಾಲೀಮು, ಸಂಜೆ ಚರ್ಚೆ, ಇಸ್ರೇಲಿ ಮತ್ತು ಅರಬ್ ವಾದಕರು ಸ್ವರಲಿಪಿಯ ಒಂದೇ ಸ್ಟ್ಯಾಂಡ್ ಹಂಚಿಕೊಂಡು ಕೂರುವುದು. ಆಮೇಲೆ ಸ್ಪೇನಿನ ಸೆವಿಲ್ ಅದರ ನೆಲೆಯಾಯಿತು. ಎರಡೂ ಜಾಗ ಯಾರ ಮನೆಯಂಗಳವೂ ಅಲ್ಲ. ನೀವೂ ಮೂರನೆಯ ಜಾಗವನ್ನೇ ಹುಡುಕಿ, ಎಲ್ಲರೂ ಅಲ್ಲೇ ಉಳಿದು ಉಣ್ಣುವಂತಿರಲಿ.

ಕನಿಷ್ಠ ಲೆಕ್ಕ ಹೀಗೆ: 7 ದಿನದ ವಾಸ, ಅದರಲ್ಲಿ 6 ದಿನ ಕೆಲಸ. ದಿನಕ್ಕೆ ಎರಡೂವರೆ ಗಂಟೆಯ ಎರಡು ಸರದಿ, ನಡುವೆ 20 ನಿಮಿಷ ಬಿಡುವು. ಒಟ್ಟು 30 ಗಂಟೆ. ಮೊದಲ ಎರಡು ದಿನ ಇಡೀ ವೃಂದ ಸೇರಲೇಬಾರದು. ಪಿಟೀಲಿನವರು ಬೇರೆ, ಕೆಳಸ್ಥಾಯಿಯ ತಂತಿವಾದ್ಯಗಳು ಬೇರೆ, ಊದುವಾದ್ಯಗಳು ಬೇರೆ. ಪೂರ್ಣ ವೃಂದದ ತಾಲೀಮಿನಲ್ಲಿ ಬಾಯಿ ಬಿಡುವುದು ಕಂಡಕ್ಟರ್ ಒಬ್ಬರೇ. ಆರು ಜನರ ಕೋಣೆಯಲ್ಲಿ ಮಾತಾಡದೆ ಕೆಲಸ ಸಾಗುವುದಿಲ್ಲ: ಈ ಸ್ವರ ಎಳೆತವೋ ತಳ್ಳುವಿಕೆಯೋ, ಕಮಾನಿನ ಯಾವ ಭಾಗ, ಬೆರಳು ಯಾವ ತಂತಿಯಲ್ಲಿ. ಮೂರನೆಯ ದಿನದಿಂದ ಬೆಳಗ್ಗೆ ಪೂರ್ಣ ವೃಂದ. ಸಂಜೆಯ ಸರದಿಯಲ್ಲಿ ಅರ್ಧ ಗಂಟೆ ತೆಗೆದಿಟ್ಟು, ಎರಡೂ ಕಡೆಯ ಇಬ್ಬಿಬ್ಬರಂತೆ ನಾಲ್ವರ ಕ್ವಾರ್ಟೆಟ್‌ಗಳನ್ನು ಮಾಡಿಸಿ. ಹಾವಭಾವ ನೋಡಿ ಉಸಿರು ಕೂಡಿಸುವುದನ್ನು ಕ್ವಾರ್ಟೆಟ್‌ನಷ್ಟು ಬೇಗ ಬೇರೆ ಯಾವುದೂ ಕಲಿಸದು.

ಕಮಾನಿನ ಗುರುತುಗಳದ್ದು ಸಣ್ಣ ವಿಷಯದಂತೆ ಕಾಣುತ್ತದೆ. ಜಗಳ ಹುಟ್ಟುವುದು ಅಲ್ಲೇ. ಒಂದು ಕಡೆಯವರು ತಮ್ಮ ಗ್ರಂಥಾಲಯದ ಹಾಳೆಗಳನ್ನು, ತಮ್ಮ ಗುರುತುಗಳ ಸಮೇತ ತಂದರೆ, ಇನ್ನೊಂದು ಕಡೆಯವರು ಮೊದಲ ಗಂಟೆಯಿಂದಲೇ ಅತಿಥಿಗಳಾಗಿಬಿಡುತ್ತಾರೆ. ಗುರುತಿಲ್ಲದ ಹೊಸ ಹಾಳೆಗಳನ್ನೇ ತರಿಸಿ. ಎರಡೂ ಕಡೆಯ ಮೊದಲ ಪಿಟೀಲಿನ ಮುಖ್ಯಸ್ಥರು ಒಂದು ದಿನ ಮುಂಚೆ ಬಂದು, ಒಟ್ಟಿಗೆ ಕೂತು, 2ಬಿ ಪೆನ್ಸಿಲ್‌ನಲ್ಲಿ ಗುರುತು ಹಾಕಲಿ. ಅದನ್ನು ಐದೂ ತಂತಿ ವಿಭಾಗಗಳ ಎಲ್ಲ ಹಾಳೆಗಳಿಗೆ ಇಳಿಸಲು ಅರ್ಧ ದಿನ ಹಿಡಿಯುತ್ತದೆ. ಪ್ರಕಾಶನವೂ ಒಂದೇ ಇರಲಿ. ಒಬ್ಬರ ಬಳಿ ಬೇರೆನ್‌ರೈಟರ್, ಇನ್ನೊಬ್ಬರ ಬಳಿ ಹಳೆಯ ಬ್ರೈಟ್‌ಕಾಫ್ ಇದ್ದರೆ ತಾಲೀಮಿನ ಅಕ್ಷರಗಳು (ಎಲ್ಲಿಂದ ಶುರು ಎಂದು ತೋರಿಸಲು ಹಾಳೆಯಲ್ಲಿ ಅಚ್ಚಾದ ಗುರುತುಗಳು) ಹೊಂದುವುದಿಲ್ಲ, ಕೆಲವೆಡೆ ಸ್ವರಗಳೇ ಬೇರೆ. "ಅಕ್ಷರ ಕೆ ಯಿಂದ" ಎಂದಾಗ ಅರ್ಧ ವೃಂದ ಬೇರೆಲ್ಲೋ ಇರುತ್ತದೆ.

ಶ್ರುತಿಯನ್ನು ಮೂರು ತಿಂಗಳು ಮುಂಚೆಯೇ ಬರಹದಲ್ಲಿ ಗೊತ್ತುಮಾಡಿ. ಕೆಲವೆಡೆ ಎ ಸ್ವರ 440 ಹರ್ಟ್ಸ್, ಜರ್ಮನಿ–ಆಸ್ಟ್ರಿಯಾದ ಪದ್ಧತಿಯಲ್ಲಿ 443. ವ್ಯತ್ಯಾಸ ಅರ್ಧಸ್ವರದ ಸುಮಾರು ಎಂಟನೇ ಒಂದು ಭಾಗ. ಕಿವಿಗೆ ಚೆನ್ನಾಗಿಯೇ ಚುಚ್ಚುತ್ತದೆ. ಕ್ಲಾರಿನೆಟ್‌ನ ಕೀಲನ್ನು ಸ್ವಲ್ಪ ಎಳೆದು ಶ್ರುತಿ ಇಳಿಸಬಹುದು, ಮೊದಲೇ ಪೂರ್ತಿ ಒಳಗಿದ್ದರೆ ಏರಿಸಲು ಜಾಗವಿಲ್ಲ. 442ಕ್ಕೆ ಒಪ್ಪಿದರೆ ಇಬ್ಬರಿಗೂ ಕೈಗೆಟಕುತ್ತದೆ. ಆರ್ಗನ್ ಇದ್ದರೆ ಆಯ್ಕೆಯೇ ಇಲ್ಲ, ಅದರ ಶ್ರುತಿಯೇ ಎಲ್ಲರ ಶ್ರುತಿ.

ಕೂರಿಸುವ ಕ್ರಮ: ತಂತಿವಾದ್ಯಗಳು 8-6-4-4-2 (ಮೊದಲ ಪಿಟೀಲು, ಎರಡನೇ ಪಿಟೀಲು, ವಿಯೋಲಾ, ಚೆಲ್ಲೊ, ಡಬಲ್ ಬಾಸ್), ಒಟ್ಟು 24 ಜನ, 12 ಸ್ಟ್ಯಾಂಡ್. ಪ್ರತಿ ಸ್ಟ್ಯಾಂಡಿಗೆ ಕಡೆಗೊಬ್ಬರು. ಸ್ಟ್ಯಾಂಡಿನಲ್ಲಿ ಒಳಗಡೆ ಕೂತವರು ಹಾಳೆ ತಿರುಗಿಸುತ್ತಾರೆ, ಸ್ವರ ಎರಡಾಗಿ ಒಡೆದಾಗ ಹೊರಗಡೆಯವರು ಮೇಲಿನದನ್ನು ನುಡಿಸುತ್ತಾರೆ. ಹಾಗಾಗಿ ಯಾವಾಗಲೂ ಒಂದೇ ಕಡೆಯವರು ಹೊರಗೆ ಕೂತರೆ ಇನ್ನೊಂದು ಕಡೆಯವರು ಇಡೀ ಸಂಜೆ ಹಾಳೆ ತಿರುಗಿಸುತ್ತಾ ಕೂರುತ್ತಾರೆ. ಟಿ.ವಿ. ಕ್ಯಾಮೆರಾ ಅದನ್ನೇ ಹಿಡಿಯುತ್ತದೆ. ಕೃತಿಯಿಂದ ಕೃತಿಗೆ ಜಾಗ ಬದಲಿಸಿ. ಮುಖ್ಯಸ್ಥರೂ ಬದಲಾಗಲಿ. ಊದುವಾದ್ಯಗಳಲ್ಲಿ ಮೊದಲನೆಯವರು, ಎರಡನೆಯವರು ಬೇರೆಬೇರೆ ಕಡೆಯವರಿದ್ದು ವಿರಾಮದ ನಂತರ ಅದಲುಬದಲಾಗಲಿ. ಕಂಡಕ್ಟರ್ ಮಟ್ಟಿಗೆ ಮೂರನೆಯವರೊಬ್ಬರೇ ಒಳ್ಳೆಯದು. ಅರ್ಧಕ್ಕೊಬ್ಬರಂತೆ ಇಬ್ಬರನ್ನು ಇಟ್ಟರೆ ಯಾರ ಅರ್ಧ ಚೆನ್ನಾಗಿತ್ತು ಎಂಬ ಮಾತು ಮರುದಿನದ ಪತ್ರಿಕೆಯಲ್ಲಿ ಬರುತ್ತದೆ.

ಈಗ ಕೃತಿಗಳು. ಒಂಬತ್ತನೇ ಸಿಂಫನಿ ಬೇಡ ಎಂಬುದಕ್ಕೆ ಮೊದಲ ಕಾರಣ ಕೆಲಸದ್ದು: ನಾಲ್ವರು ಏಕಗಾಯಕರು, ಮೂರು ಟ್ರಾಂಬೋನ್, ನಾಲ್ಕು ಹಾರ್ನ್, 65–70 ನಿಮಿಷ, ಕೋರಸ್‌ಗೆ ಗಂಟಲು ಹರಿಯುವಷ್ಟು ಮೇಲ್ಸ್ಥಾಯಿ. ಗಾಯಕರು ಮೂರನೆಯ ಭಾಗ ಮುಗಿಯುವವರೆಗೆ ಸುಮ್ಮನೆ ಕೂತಿರಬೇಕು. ಎರಡನೆಯ ಕಾರಣ ಇತಿಹಾಸದ್ದು. 1989ರ ಡಿಸೆಂಬರ್ 25ರಂದು ಪೂರ್ವ ಬರ್ಲಿನ್‌ನಲ್ಲಿ ಅಮೆರಿಕದ ಕಂಡಕ್ಟರ್ ಬರ್ನ್‌ಸ್ಟೈನ್ ಅದನ್ನು ನಡೆಸಿ, 'ಆನಂದ' ಎಂಬ ಪದವಿದ್ದಲ್ಲಿ 'ಸ್ವಾತಂತ್ರ್ಯ' ಎಂದು ಹಾಡಿಸಿದ್ದು ಎಲ್ಲರಿಗೂ ನೆನಪಿದೆ. ಅದೇ ಕೃತಿಯನ್ನು 1942ರಲ್ಲಿ ಹಿಟ್ಲರನ ಹುಟ್ಟುಹಬ್ಬದ ಸಮಾರಂಭಕ್ಕೂ ನುಡಿಸಿದ್ದರು. 1974ರಲ್ಲಿ ಬಿಳಿಯರ ಆಳ್ವಿಕೆಯ ರೊಡೀಷಿಯಾ ಅದರ ಧಾಟಿಯನ್ನೇ ರಾಷ್ಟ್ರಗೀತೆ ಮಾಡಿಕೊಂಡಿತ್ತು. ನಿಮ್ಮ ಎರಡು ಸಮುದಾಯಗಳಲ್ಲಿ ಅದು ಯಾರ ಯಾವ ಸಮಾರಂಭದಲ್ಲಿ ಕೇಳಿಬಂದಿತ್ತು ಎಂದು ವಿಚಾರಿಸದೆ ಮುಟ್ಟಬೇಡಿ. ಇದು ಎಲ್ಲ ಕೃತಿಗೂ ಅನ್ವಯ. ಚೈಕೋವ್‌ಸ್ಕಿಯ 1812ರಂತೆ ಸೋತವರ ಗೀತೆಯನ್ನೂ ಗೆದ್ದವರ ಗೀತೆಯನ್ನೂ ಕಾದಾಡಿಸುವ ಕೃತಿ ಖಂಡಿತ ಬೇಡ.

ಮೊದಲರ್ಧಕ್ಕೆ ಬಾಖ್‌ನ ಎರಡು ಪಿಟೀಲುಗಳ ಡಿ ಮೈನರ್ ಕಾನ್ಚೆರ್ಟೊ, ಬಾಖ್ ಕೃತಿಪಟ್ಟಿಯಲ್ಲಿ ಬಿ.ಡಬ್ಲ್ಯು.ವಿ. 1043, ಸುಮಾರು 16 ನಿಮಿಷ. ಕಡೆಗೊಬ್ಬರು ಪಿಟೀಲು. ಅದರಲ್ಲಿ 'ಎರಡನೇ' ಪಿಟೀಲು ಹೆಸರಿಗಷ್ಟೇ ಎರಡನೆಯದು. ಮೊದಲ ಭಾಗದ ಧಾಟಿಯನ್ನು ಎತ್ತುವುದು ಎರಡನೇ ಪಿಟೀಲು, ನಡುವಿನ ನಿಧಾನ ಭಾಗವನ್ನು ಶುರು ಮಾಡುವುದೂ ಅದೇ. ಮೂರನೆಯದರಲ್ಲಿ ಒಂದನೆಯದು ಮುಂದೆ ಹೋಗಿ ಎರಡನೆಯದು ಬೆನ್ನಿಗೇ ಬರುತ್ತದೆ. ಕಿವಿಯಿಂದ ಯಾರು ಯಾರೆಂದು ಹೇಳಲಾಗದಷ್ಟು ಸಾಲುಗಳು ದಾಟಿ ಹೆಣೆದುಕೊಳ್ಳುತ್ತವೆ.

ಏಕವಾದಕರು ಪಳಗಿದವರಾಗಿದ್ದರೆ ಅದರ ಬದಲು ಮೊಜಾರ್ಟ್‌ನ ಸಿನ್ಫೋನಿಯಾ ಕಾನ್ಚೆರ್ಟಾಂಟೆ, ಕೆ. 364, ಅರ್ಧ ಗಂಟೆ. ಪಿಟೀಲು ಮತ್ತು ವಿಯೋಲಾ. ವಿಯೋಲಾದ ದನಿ ಮಂಕಾಗಿ ಪಿಟೀಲಿನ ನೆರಳಿಗೆ ಹೋಗದಿರಲೆಂದು ಮೊಜಾರ್ಟ್ ಅದರ ತಂತಿಗಳನ್ನು ಅರ್ಧಸ್ವರ ಏರಿಸಿ ಶ್ರುತಿ ಮಾಡಲು ಬರೆದ. ವೃಂದ ಇ ಫ್ಲಾಟ್‌ನಲ್ಲಿದ್ದರೆ ವಿಯೋಲಾದ ಹಾಳೆ ಡಿ ಮೇಜರ್‌ನಲ್ಲಿದೆ. ಕೆಡೆನ್ಝಾಗಳನ್ನೂ (ವೃಂದ ನಿಂತು ಏಕವಾದಕರಷ್ಟೇ ನುಡಿಸುವ ಭಾಗ) ಅವನೇ ಬರೆದಿಟ್ಟಿದ್ದಾನೆ, ಇಬ್ಬರಿಗೂ ಸೇರಿಸಿ. ಒಬ್ಬರು ತಮ್ಮ ಪಾಲನ್ನು ಎಳೆದು ಉದ್ದ ಮಾಡುವಂತಿಲ್ಲ. ಸಮಾನತೆ ಸ್ವರಲಿಪಿಯಲ್ಲೇ ಇರುವ ಇಂಥ ಕೃತಿ ಸಿಗುವುದು ಅಪರೂಪ.

ಎರಡನೆಯ ಅರ್ಧಕ್ಕೆ ಬೀಥೋವನ್‌ನ ಏಳನೇ ಸಿಂಫನಿ. ಟ್ರಾಂಬೋನ್ ಇಲ್ಲ. ಕೊಳಲು, ಓಬೋ, ಕ್ಲಾರಿನೆಟ್, ಬಸೂನ್, ಹಾರ್ನ್, ಟ್ರಂಪೆಟ್ ಎರಡೆರಡು ಮತ್ತು ಟಿಂಪನಿ: 13 ಜನ. ತಂತಿಯ 24 ಸೇರಿಸಿ 37. ನಿಮ್ಮ ಸಂಖ್ಯೆಗೆ ಅಳೆದು ಹೊಲಿದಂತಿದೆ. ಬರ್ಲಿನ್ ಗೋಡೆ ತೆರೆದ ಮೂರೇ ದಿನಕ್ಕೆ, 1989ರ ನವೆಂಬರ್ 12ರಂದು, ಬಾರೆನ್‌ಬೊಯಿಮ್ ಬರ್ಲಿನ್ ಫಿಲ್ಹಾರ್ಮೋನಿಕ್ ಜತೆ ಪೂರ್ವ ಜರ್ಮನಿಯವರಿಗೆ ಉಚಿತವಾಗಿ ನುಡಿಸಿದ್ದರಲ್ಲಿ ಇದೂ ಇತ್ತು.

ಸಭಾಂಗಣದಕೀಲಿ

ವೇದಿಕೆಯ ಮೇಲಿನದನ್ನು ಎರಡನೇಪಿಟೀಲು ಅವರು ಹೇಳಿದ್ದಾರೆ. ವೇದಿಕೆಯ ಕೆಳಗೆ ಹದಗೆಡುವುದು ಇನ್ನೂ ಹೆಚ್ಚು.

ಮೊದಲು ಕಟ್ಟಡ ನೋಡಿ. ಗೋಡೆಯ ಮೇಲೆ ಏನು ಬರೆದಿದೆ, ಯಾರ ಪ್ರತಿಮೆಯಿದೆ, ರಸ್ತೆಗೆ ಯಾರ ಹೆಸರು. 2014ರ ಜೂನ್ 28, ಮೊದಲ ಮಹಾಯುದ್ಧಕ್ಕೆ ನೆಪವಾದ ಹತ್ಯೆಯ ನೂರನೇ ವರ್ಷ. ವಿಯೆನ್ನಾ ಫಿಲ್ಹಾರ್ಮೋನಿಕ್ ಸರಾಯೆವೊದ ವಿಯೆಚ್ನಿತ್ಸಾದಲ್ಲಿ ನುಡಿಸಿತು. 1992ರ ಆಗಸ್ಟ್‌ನಲ್ಲಿ ಸುಟ್ಟು ಹೋಗಿ, ಮತ್ತೆ ಕಟ್ಟಿದ ಗ್ರಂಥಾಲಯದ ಕಟ್ಟಡ ಅದು. ಅದನ್ನು ಸುಟ್ಟವರು 'ಸರ್ಬ್ ಅಪರಾಧಿಗಳು' ಎಂದು ಬಾಗಿಲ ಬಳಿಯ ಫಲಕದಲ್ಲಿ ಕೆತ್ತಿದೆ. ಸರ್ಬಿಯಾದ ನಾಯಕರು ಆ ಫಲಕವನ್ನೇ ತೋರಿಸಿ ಬರಲಿಲ್ಲ, ಬೋಸ್ನಿಯಾದ ಸರ್ಬ್ ನಾಯಕರೂ ದೂರ ಉಳಿದರು, ಅದೇ ದಿನ ವಿಶೆಗ್ರಾಡ್‌ನಲ್ಲಿ ಅವರದ್ದೇ ಸ್ಮರಣೆ ನಡೆಯಿತು. ಫಲಕ ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ಸುಟ್ಟವರ ಮೇಲೆ ಸಿಟ್ಟಿರುವುದು ಸಹಜ. ಎರಡೂ ಕಡೆಯವರನ್ನು ಒಂದೇ ಬಾಗಿಲಿನಿಂದ ಒಳಗೆ ಕರೆಯುವ ಸಂಜೆಗೆ ಆ ಬಾಗಿಲು ಹೊಂದುತ್ತದೆಯೇ ಎಂದು ಸಂಘಟಕರು ಒಂದು ವರ್ಷ ಮುಂಚೆ ಕೇಳಿಕೊಳ್ಳಬೇಕು.

ಆಸನಗಳು: 450 ಒಂದು ಕಡೆಗೆ, 450 ಇನ್ನೊಂದು ಕಡೆಗೆ ಎಂದು ಕಟ್ಟು ಕಟ್ಟಾಗಿ ಟಿಕೆಟ್ ಕೊಟ್ಟರೆ ಜನ ಎರಡು ಪಾಳೆಯವಾಗಿ ಕೂರುತ್ತಾರೆ, ಚಪ್ಪಾಳೆಯೂ ಪಾಳೆಯಗಳಲ್ಲೇ ಬರುತ್ತದೆ. ಹಾಗೆಂದು ಒಬ್ಬರ ಪಕ್ಕ ಒಬ್ಬರಂತೆ ಹೆಣೆಯಲೂ ಹೋಗಬೇಡಿ, ಗಂಡಹೆಂಡಿರನ್ನು ಬೇರ್ಪಡಿಸಿದಂತಾಗುತ್ತದೆ. ಇಬ್ಬರು, ಇಬ್ಬರು ಎಂದು ಜೋಡಿಯಾಗಿ ಹೆಣೆಯಿರಿ, ಟಿಕೆಟ್ ಮೇಲೆ ಸಂಖ್ಯೆ ಇರಲಿ. ಎರಡೂ ಕಡೆಯ ಬಸ್ಸುಗಳು ಒಂದೇ ಬಾಗಿಲಿಗೆ ಬರಲಿ, ತಪಾಸಣೆಯ ಸಾಲು ಒಂದೇ ಇರಲಿ. ಒಂದು ಕಡೆಯವರ ಚೀಲ ಮಾತ್ರ ಬಿಚ್ಚಿಸಿದರೆ ಏಳು ದಿನದ ತಾಲೀಮು ಅಲ್ಲೇ ನೀರುಪಾಲು. ಗಣ್ಯರಿಗೆ ಮೊದಲ ಸಾಲು ಮೀಸಲಿಡಬೇಡಿ. ಆರನೇ ಸಾಲಿನಿಂದ ಹಿಂದೆ, ಜನರ ನಡುವೆ ಕೂರಿಸಿ. ಮೊದಲ ಸಾಲನ್ನು ಗಾಯಕರ, ವಾದಕರ ಮನೆಯವರಿಗೆ ಬಿಡಿ.

ಸಂಗೀತಕ್ಕೆ ಮುಂಚೆ ಭಾಷಣ ಬೇಡ. ಒಬ್ಬರಿಗೆ ಮೂರು ನಿಮಿಷ ಕೊಟ್ಟರೆ ಎರಡನೆಯವರು ಐದು ಕೇಳುತ್ತಾರೆ, ಮೊದಲನೆಯವರ ಮಾತಿಗೆ ಉತ್ತರ ಕೊಡುತ್ತಾರೆ.

ಕಾರ್ಯಕ್ರಮಪಟ್ಟಿ ಎರಡೂ ಭಾಷೆಗಳಲ್ಲಿ ಇರಲಿ. ಒಂದನ್ನು ಮುಂದಿನಿಂದ, ಇನ್ನೊಂದನ್ನು ಹಿಂದಿನಿಂದ ತೆರೆಯುವಂತೆ ಕಟ್ಟಿದರೆ ಯಾವುದು ಮೊದಲು ಎಂಬ ಪ್ರಶ್ನೆ ಏಳುವುದಿಲ್ಲ. ವಾದಕರ ಹೆಸರುಗಳನ್ನು ವಾದ್ಯದ ಪ್ರಕಾರ ಹಾಕಿ, ಊರು ಹಾಕಬೇಡಿ. ಹೆಸರು, ಫೋಟೊ, ಧ್ವನಿಮುದ್ರಣಕ್ಕೆ ಪ್ರತಿಯೊಬ್ಬರ ಲಿಖಿತ ಒಪ್ಪಿಗೆ ಪಡೆಯಿರಿ, ಪ್ರಸಾರದ ಮುಂಚಿನ ದಿನದವರೆಗೂ ಅದನ್ನು ಹಿಂತೆಗೆಯುವ ಹಕ್ಕು ಕೊಡಿ. ಊರಿಗೆ ಮರಳಿದ ಮೇಲೆ ಬೆಲೆ ತೆರುವವರು ಅವರು.

ರಾಷ್ಟ್ರಗೀತೆ: ಎರಡೂ ಸರ್ಕಾರಗಳು ಅಧಿಕೃತವಾಗಿ ಸೇರಿದ್ದರೆ ಎರಡನ್ನೂ ನುಡಿಸಿ, ಇಲ್ಲವಾದರೆ ಯಾವುದನ್ನೂ ಬೇಡ. 2008ರ ಫೆಬ್ರವರಿ 26ರಂದು ನ್ಯೂಯಾರ್ಕ್ ಫಿಲ್ಹಾರ್ಮೋನಿಕ್ ಉತ್ತರ ಕೊರಿಯಾದ ಪ್ಯಾಂಗ್ಯಾಂಗ್‌ನಲ್ಲಿ ಲೋರಿನ್ ಮಾಜೆಲ್ ನಿರ್ದೇಶನದಲ್ಲಿ ನುಡಿಸಿದಾಗ ಎರಡೂ ಗೀತೆ, ಎರಡೂ ಬಾವುಟ ಇದ್ದವು. ಅದು ಎರಡು ರಾಜ್ಯಗಳ ಭೇಟಿ, ಒಪ್ಪಂದದ ಭಾಗ. ಕೊನೆಗೆ ನುಡಿಸಿದ 'ಅರಿರಂಗ್' ಜಾನಪದ ಧಾಟಿ ಸಭೆಯನ್ನು ಹೆಚ್ಚು ಕಲಕಿತು. ಕೊರಿಯಾದ ಎರಡೂ ಭಾಗಗಳವರು ತಮ್ಮದೆನ್ನುವ ಹಾಡು ಅದು. ನಿಮ್ಮಲ್ಲೂ ಇಬ್ಬರೂ ತಮ್ಮದೆನ್ನುವ ಧಾಟಿ ಇದ್ದೀತು. ಮಾತು ಎರಡು ಭಾಷೆಯಲ್ಲಿದ್ದರೆ ಹಾಡಿಸಬೇಡಿ, ವಾದ್ಯದಲ್ಲಷ್ಟೇ ನುಡಿಸಿ.

ಕೆಲವರಿಗೆ ಒಂದು ಕೃತಿಯೇ ಗಾಯವಾಗಿದ್ದರೆ ಹೊರಗೆ ಹೋಗಲು ದಾರಿ ಬಿಡಿ. 2001ರ ಜುಲೈ 7ರಂದು ಜೆರುಸಲೇಮಿನಲ್ಲಿ ಬಾರೆನ್‌ಬೊಯಿಮ್ ಕಾರ್ಯಕ್ರಮ ಮುಗಿದ ಮೇಲೆ, ಹಿಟ್ಲರನ ಮೆಚ್ಚಿನ ಸಂಗೀತಕಾರನೆಂದು ಇಸ್ರೇಲಿನಲ್ಲಿ ಬಹುಮಟ್ಟಿಗೆ ದೂರವಿಟ್ಟ ವಾಗ್ನರ್‌ನನ್ನು ನುಡಿಸಲೇ ಎಂದು ಸಭೆಯನ್ನೇ ಕೇಳಿದರು. ಅರ್ಧ ಗಂಟೆ ವಾಗ್ವಾದ ನಡೆಯಿತು. ಒಲ್ಲದವರು ಎದ್ದು ಹೋದರು, ಉಳಿದವರು ಕೇಳಿದರು. ಆಮೇಲೆ ಸಂಸತ್ತಿನ ಸಮಿತಿಯೊಂದು ಅವರನ್ನು ಬಹಿಷ್ಕರಿಸಲು ಕರೆ ಕೊಟ್ಟಿತು ಎಂಬುದೂ ನಿಜ. ವಾಗ್ನರ್‌ನನ್ನು 1981ರಲ್ಲಿ ಜುಬಿನ್ ಮೆಹ್ತಾ ಟೆಲ್ ಅವೀವ್‌ನಲ್ಲಿ ಎತ್ತಿಕೊಂಡಾಗಲೂ ಸಭೆಯಲ್ಲಿ ಗದ್ದಲವೆದ್ದಿತ್ತು. ಬಾಗಿಲಿಗೆ ಹತ್ತಿರದ 20–30 ಆಸನಗಳನ್ನು ಇಂಥವರಿಗಾಗಿ ಇಡಿ, ಹೊರಗೆ ಕೂರಲು ಒಂದು ಶಾಂತ ಕೋಣೆ ಇರಲಿ, ಯಾವ ಕೃತಿ ಯಾವಾಗ ಬರುತ್ತದೆಂದು ಮೊದಲೇ ತಿಳಿಸಿ. ಪಟ್ಟಿಯಲ್ಲಿಲ್ಲದೆ ಕೊನೆಗೆ ನುಡಿಸುವ ಅಚ್ಚರಿಯ ಎನ್‌ಕೋರ್ ಇಂಥ ಸಂಜೆಗೆ ಸಲ್ಲದು.

ಮೌನವಿರಾಮ

ಮೇಲಿನ ಎರಡೂ ಉತ್ತರಗಳು ಕಛೇರಿ ನಡೆಯಲೇಬೇಕು ಎಂದುಕೊಂಡು ಬರೆದವು. ನಡೆಯಬಾರದ ಸಂದರ್ಭಗಳನ್ನೂ ಹೇಳಬೇಕು.

ಗೆದ್ದವರು ಗೆದ್ದ ನೆಲದಲ್ಲಿ ನುಡಿಸಿದರೆ ಅದು ವಿಜಯೋತ್ಸವ. 2008ರ ಆಗಸ್ಟ್ 21ರಂದು, ಜಾರ್ಜಿಯಾ ಯುದ್ಧ ನಿಂತು ಹತ್ತು ದಿನವೂ ಆಗುವ ಮುಂಚೆ, ರಷ್ಯಾದ ಕಂಡಕ್ಟರ್ ಗೆರ್ಗಿಯೆವ್ ದಕ್ಷಿಣ ಒಸ್ಸೆಟಿಯಾದ ತ್ಸ್ಖಿನ್ವಾಲಿಯಲ್ಲಿ ಶಾಸ್ಟಕೋವಿಚ್‌ನ ಏಳನೇ ಸಿಂಫನಿ, ಅಂದರೆ ಮುತ್ತಿಗೆಯ ಲೆನಿನ್‌ಗ್ರಾಡ್‌ನ ಸಿಂಫನಿ, ನಡೆಸಿದರು. ಕೃತಿಯ ಆಯ್ಕೆಯೇ ಎದುರಾಳಿಯನ್ನು ನಾಜಿಗಳ ಜಾಗದಲ್ಲಿ ನಿಲ್ಲಿಸಿತು. 2016ರ ಮೇ 5ರಂದು ಪಾಲ್ಮೈರಾದ ರೋಮನ್ ರಂಗಮಂದಿರದಲ್ಲಿ ರಷ್ಯಾದ ಮರಿಯಿನ್‌ಸ್ಕಿ ವೃಂದ ನುಡಿಸಿದಾಗ ಸಿರಿಯಾದಲ್ಲಿ ಯುದ್ಧ ನಡೆದೇ ಇತ್ತು, ರಷ್ಯಾದ ಅಧ್ಯಕ್ಷರು ವಿಡಿಯೊ ಮೂಲಕ ಮಾತಾಡಿದರು. ನುಡಿಸಿದ ರೀತಿ ಎಷ್ಟೇ ಚೆನ್ನಾಗಿರಲಿ, ಇವು ನೀವು ಕೇಳುತ್ತಿರುವ ಬಗೆಯ ಕಛೇರಿಗಳಲ್ಲ.

ಇನ್ನೊಂದು ಬಗೆ, ಆಹ್ವಾನಿತರಿಗೆ ಮಾತ್ರ. 2013ರ ಸೆಪ್ಟೆಂಬರ್ 7ರಂದು ಶ್ರೀನಗರದ ಶಾಲಿಮಾರ್ ಬಾಗ್‌ನಲ್ಲಿ ಜುಬಿನ್ ಮೆಹ್ತಾ ಬವೇರಿಯದ ಸರ್ಕಾರಿ ವಾದ್ಯವೃಂದದ ಜತೆ ನಡೆಸಿದ ಕಛೇರಿಗೆ ಆಹ್ವಾನಪತ್ರ ಇದ್ದವರಿಗಷ್ಟೇ ಪ್ರವೇಶ. ಊರಿನಲ್ಲಿ ಬಂದ್, ಬಿಗಿ ಭದ್ರತೆ, ಪ್ರತಿಯಾಗಿ ಅದೇ ದಿನ ಇನ್ನೊಂದು ಕಛೇರಿ. ಮುಂದಿನ ಸಲ ಎಲ್ಲರೂ ಬರುವಂತಾಗಲಿ ಎಂದು ಮೆಹ್ತಾ ಅವರೇ ಬಯಸಿದರು. ಯಾರ ಹೆಸರಿನಲ್ಲಿ ಕಛೇರಿಯೋ ಅವರೇ ಬೇಲಿಯ ಹೊರಗಿದ್ದರೆ ಸಂಗೀತ ಏನು ಮಾಡೀತು?

ಹಾಗಾಗಿ ಕೃತಿ ಆರಿಸುವ ಮುಂಚೆ, ಸತ್ತವರ, ಕಾಣೆಯಾದವರ ಮನೆಯವರ ಸಂಘಗಳನ್ನು ಎರಡೂ ಕಡೆ ಕಂಡು ಬನ್ನಿ. ಒಪ್ಪಿಗೆಯ ಸಹಿ ಕೇಳಲು ಹೋಗಬೇಡಿ, ಏನು ಬೇಡ ಎಂದು ಕೇಳಲು ಹೋಗಿ. ಯಾವ ದಿನಾಂಕ ಬೇಡ, ಯಾವ ಜಾಗ ಬೇಡ, ಯಾವ ಪದ ಬೇಡ. ಅವರು ಬರುವುದಿಲ್ಲ ಎಂದರೆ ಅದೂ ಉತ್ತರವೇ. ಯೆಹೂದಿ ಮತದ ಪಿಟೀಲುವಾದಕ ಯೆಹೂದಿ ಮೆನುಹಿನ್ 1947ರಲ್ಲಿ, ನಾಜಿ ಆಳ್ವಿಕೆಯಲ್ಲೂ ಜರ್ಮನಿಯಲ್ಲೇ ಉಳಿದಿದ್ದ ಕಂಡಕ್ಟರ್ ಫುರ್ಟ್‌ವೆಂಗ್ಲರ್ ನಿರ್ದೇಶನದ ಬರ್ಲಿನ್ ಫಿಲ್ಹಾರ್ಮೋನಿಕ್ ಜತೆ ನುಡಿಸಿದರು. ಎರಡು ವರ್ಷ ಹಿಂದೆ ಅವರೇ ಬ್ರಿಟ್ಟನ್ ಜತೆ ನಾಜಿ ಶಿಬಿರವಾಗಿದ್ದ ಬೆರ್ಗೆನ್-ಬೆಲ್ಸೆನ್‌ನಲ್ಲಿ ಬದುಕುಳಿದವರಿಗಾಗಿ ನುಡಿಸಿದ್ದವರು. ಆದರೂ ಬರ್ಲಿನ್‌ನ ಯೆಹೂದಿ ನಿರಾಶ್ರಿತರಿಗಾಗಿ ಅವರು ಇಟ್ಟ ಕಛೇರಿಗೆ ಹೆಚ್ಚುಕಡಿಮೆ ಯಾರೂ ಬರಲಿಲ್ಲ. ಮೆನುಹಿನ್ ಶಿಬಿರಕ್ಕೇ ಹೋಗಿ ಅವರ ಎದುರು ನಿಂತು ಮಾತಾಡಿದರು. ಕ್ಷಮಿಸುವ ಅವಸರ ನುಡಿಸುವವರಿಗಿದ್ದಷ್ಟು ಕಳೆದುಕೊಂಡವರಿಗೆ ಇರುವುದಿಲ್ಲ.

ಪೋಸ್ಟರಿನ ಪದದ ಬಗ್ಗೆ ಒಂದು ಮಾತು. ಕನ್ನಡದಲ್ಲೇ ನೋಡಿ: 'ರಾಜಿ' ಎಂದರೆ ವ್ಯಾಜ್ಯ ಬಿಟ್ಟುಕೊಟ್ಟಂತೆ, 'ಸಂಧಾನ' ಎಂದರೆ ಮಧ್ಯಸ್ಥರ ಕೆಲಸ, 'ಸಾಮರಸ್ಯ' ಎಂದರೆ ಆಗಲೇ ಎಲ್ಲ ಸರಿಹೋಗಿದೆ ಎಂಬಂತೆ. ನಿಮ್ಮ ಎರಡು ಭಾಷೆಗಳಲ್ಲೂ ಈ ತೊಡಕು ಇದ್ದೇ ಇರುತ್ತದೆ, ಒಂದೇ ಪದಕ್ಕೆ ಎರಡು ತೂಕ. ಪೋಸ್ಟರಿನಲ್ಲಿ ಕೃತಿಗಳ ಹೆಸರು, ದಿನಾಂಕ, ಗಂಟೆ ಸಾಕು. ದಿವಾನ್ ವೃಂದ ಶಾಂತಿಯ ವಾದ್ಯವೃಂದವಲ್ಲ, ಅಜ್ಞಾನದ ವಿರುದ್ಧದ ಯೋಜನೆ ಎಂದು ಬಾರೆನ್‌ಬೊಯಿಮ್ ಮತ್ತೆ ಮತ್ತೆ ಹೇಳಿದ್ದೂ ಈ ಕಾರಣಕ್ಕೇ. ಹಾಗಿದ್ದೂ ಅದು ಅಸಮಾನರನ್ನು ಸಮಾನರೆಂದು ತೋರಿಸುತ್ತದೆ ಎಂಬ ಟೀಕೆ ಪ್ಯಾಲೆಸ್ತೀನಿ ಕಡೆಯಿಂದ ಬಂತು. ಆ ಟೀಕೆಯಲ್ಲಿ ಹುರುಳಿದೆ. ತಾಲೀಮಿನಲ್ಲಿ ಸಮಾನ ಸ್ಥಾನ ಕೊಡಬಹುದು, ಗಡಿಯ ತಪಾಸಣೆಯಲ್ಲಿ ಕೊಡಲಾಗದು. 2005ರ ಆಗಸ್ಟ್‌ನಲ್ಲಿ ಅದೇ ವೃಂದ ರಮಲ್ಲಾಕ್ಕೆ ಹೋಗಿ ನುಡಿಸಲು ಸ್ಪೇನ್ ಸರ್ಕಾರ ವಾದಕರಿಗೆ ರಾಜತಾಂತ್ರಿಕ ಪಾಸ್‌ಪೋರ್ಟ್ ಕೊಡಬೇಕಾಯಿತು. 11 ತಿಂಗಳಲ್ಲಿ ಕನಿಷ್ಠ 5 ತಿಂಗಳನ್ನು ವೀಸಾ, ಪ್ರಯಾಣದ ಪತ್ರಗಳಿಗೆ ಎಂದು ಎತ್ತಿಡಿ.

ಓಬೋಶ್ರುತಿ

ಎಲ್ಲರಿಗೂ ಕೃತಜ್ಞತೆ. ಒಂಬತ್ತನೇ ಸಿಂಫನಿಯನ್ನು ಕೈಬಿಡಲು ಸಮಿತಿಗೆ ಹೇಳಬಹುದಾದ ಕಾರಣ ಸಿಕ್ಕಿತು. ಆದರೆ 60 ಗಾಯಕರಿದ್ದಾರೆ, ಅವರಿಗೆ ಏನಾದರೂ ಬೇಕು. ವಾರ್ ರಿಕ್ವಿಯಂ ಸಾಧ್ಯವೇ? ಇನ್ನೊಂದು ಪ್ರಶ್ನೆ: ಸ್ವರಲಿಪಿ ಇಲ್ಲದ ಪರಂಪರೆಯ ಒಂದು ಪುಟ್ಟ ಜುಗಲ್‌ಬಂದಿಯನ್ನೂ ಸೇರಿಸಬೇಕೆಂಬ ಸಲಹೆ ಬಂದಿದೆ.

ಆಲ್ಟೊಸಾಲು

ವಾರ್ ರಿಕ್ವಿಯಂ ನಿಮ್ಮ ಸಂಖ್ಯೆಗೆ ಆಗುವುದಿಲ್ಲ, ನೇರವಾಗಿ ಹೇಳುತ್ತೇನೆ. ಅದಕ್ಕೆ ಬೇಕಾದದ್ದು ಮೂರು ಪದರ: ಸೊಪ್ರಾನೊ, ದೊಡ್ಡ ಕೋರಸ್ ಮತ್ತು ಆರು ಹಾರ್ನ್, ನಾಲ್ಕು ಟ್ರಂಪೆಟ್, ಮೂರು ಟ್ರಾಂಬೋನ್, ಟ್ಯೂಬಾ ಇರುವ ಪೂರ್ಣ ವೃಂದ, ಟೆನರ್, ಬ್ಯಾರಿಟೋನ್ ಜತೆಗೆ 12 ವಾದಕರ ಪುಟ್ಟ ವೃಂದ, ದೂರದಿಂದ ಕೇಳಿಬರುವ ಹುಡುಗರ ಗಾನವೃಂದ ಮತ್ತು ಆರ್ಗನ್. ಸುಮಾರು 85 ನಿಮಿಷ. ಹಲವರು ಇಬ್ಬರು ಕಂಡಕ್ಟರ್‌ಗಳನ್ನು ಇಟ್ಟು ನಡೆಸುತ್ತಾರೆ. ಮೊದಲ ಪ್ರದರ್ಶನದಲ್ಲೂ ಹಾಗೇ: ಮೆರೆಡಿತ್ ಡೇವಿಸ್ ದೊಡ್ಡ ವೃಂದಕ್ಕೆ, ಬ್ರಿಟ್ಟನ್ ಪುಟ್ಟ ವೃಂದಕ್ಕೆ. 60 ಗಾಯಕರನ್ನು ಆ ಹಿತ್ತಾಳೆ ವಾದ್ಯಗಳು ಮುಳುಗಿಸಿಬಿಡುತ್ತವೆ. ಹಕ್ಕುಸ್ವಾಮ್ಯವೂ ಇದೆ, ಹಾಳೆಗಳನ್ನು ಬಾಡಿಗೆಗೆ ತರಬೇಕು.

ಆದರೂ ಅದರ ಕಥೆಯನ್ನು ಸಮಿತಿಯವರು ತಿಳಿದಿರಲಿ. 1940ರ ನವೆಂಬರ್ 14ರ ಬಾಂಬ್ ದಾಳಿಯಲ್ಲಿ ನಾಶವಾದ ಕವೆಂಟ್ರಿ ಕೆಥೆಡ್ರಲ್‌ನ ಪಕ್ಕದಲ್ಲೇ ಕಟ್ಟಿದ ಹೊಸ ಕೆಥೆಡ್ರಲ್‌ನಲ್ಲಿ, 1962ರ ಮೇ 30ರಂದು ಅದರ ಮೊದಲ ಪ್ರದರ್ಶನ. ಬ್ರಿಟ್ಟನ್ ಬಯಸಿದ್ದು ಮೂರು ದೇಶಗಳ ಮೂವರನ್ನು: ರಷ್ಯದ ಗಲೀನಾ ವಿಶ್ನೆವ್‌ಸ್ಕಾಯಾ, ಇಂಗ್ಲೆಂಡಿನ ಪೀಟರ್ ಪಿಯರ್ಸ್, ಜರ್ಮನಿಯ ಫಿಶರ್-ಡೀಸ್ಕಾವ್. ಸೋವಿಯತ್ ಅಧಿಕಾರಿಗಳು ವಿಶ್ನೆವ್‌ಸ್ಕಾಯಾರನ್ನು ಕಳುಹಿಸಲಿಲ್ಲ. ಹೆದರ್ ಹಾರ್ಪರ್ ಹತ್ತೇ ದಿನದಲ್ಲಿ ಆ ಭಾಗ ಕಲಿತು ಹಾಡಿದರು. ಮೂವರೂ ಒಟ್ಟಾದದ್ದು 1963ರ ಜನವರಿಯ ಧ್ವನಿಮುದ್ರಣದಲ್ಲಿ. ಇದರಿಂದ ನೀವು ತೆಗೆದುಕೊಳ್ಳಬೇಕಾದದ್ದು: ಪ್ರತಿ ಏಕಗಾಯಕರಿಗೂ ಇಡೀ ಭಾಗ ಕಲಿತ ಬದಲಿ ಒಬ್ಬರು ಇರಲೇಬೇಕು, ಅದೂ ಅದೇ ಕಡೆಯವರು. ಅನುಮತಿ ಕೊನೆ ವಾರದಲ್ಲಿ ಬಿದ್ದುಹೋಗುವುದು ಮಾಮೂಲು.

ನಿಮ್ಮ 60 ಜನಕ್ಕೆ ಬ್ರಾಮ್ಸ್‌ನ ಶಿಕ್ಸಾಲ್ಸ್‌ಲೀಡ್ ('ವಿಧಿಯ ಹಾಡು'), ಓಪಸ್ 54. ಸುಮಾರು 16 ನಿಮಿಷ, ಏಕಗಾಯಕರು ಬೇಡ. ಏಳನೇ ಸಿಂಫನಿಯ ವೃಂದಕ್ಕೆ ಮೂರು ಟ್ರಾಂಬೋನ್ ಸೇರಿಸಿದರೆ ಆಯಿತು. ಹೋಲ್ಡರ್ಲಿನ್‌ನ ಕವಿತೆ: ಮೇಲೆ ದೇವತೆಗಳ ನಿಶ್ಚಿಂತೆ, ಕೆಳಗೆ ಬಂಡೆಯಿಂದ ಬಂಡೆಗೆ ನೀರಿನಂತೆ ಎಸೆಯಲ್ಪಡುವ ಮನುಷ್ಯರು. ಮಾತು ಆ ಹತಾಶೆಯಲ್ಲೇ ನಿಲ್ಲುತ್ತದೆ. ಆಮೇಲೆ ಆರಂಭದ ಸಂಗೀತ ವಾದ್ಯಗಳಲ್ಲಷ್ಟೇ ಮರಳಿ ಬಂದು ಸಿ ಮೇಜರ್‌ನಲ್ಲಿ ಮುಗಿಯುತ್ತದೆ. ಗಾಯಕರು ಸುಮ್ಮನೆ ನಿಂತಿರುತ್ತಾರೆ. ಸಮಾಧಾನವನ್ನು ಮಾತಿನಲ್ಲಿ ಹೇಳಲು ಬ್ರಾಮ್ಸ್‌ಗೆ ಮನಸ್ಸಾಗಲಿಲ್ಲ. ನಿಮ್ಮ ಸಂಜೆಗೆ ಇದಕ್ಕಿಂತ ಪ್ರಾಮಾಣಿಕವಾದದ್ದು ಹೊಳೆಯುತ್ತಿಲ್ಲ. ಯಾವ ಮತದ ಪೂಜಾಪಠ್ಯವೂ ಅಲ್ಲ ಎಂಬುದು ಇನ್ನೊಂದು ಅನುಕೂಲ. ಜಗಳದ ಗೆರೆ ಮತದ್ದಲ್ಲದಿದ್ದರೆ ಹೈಡನ್ 1796ರಲ್ಲಿ, ನೆಪೋಲಿಯನ್ನನ ಸೇನೆ ಇಟಲಿಯಲ್ಲಿದ್ದಾಗ ಬರೆದ ಯುದ್ಧಕಾಲದ ಮಾಸ್ (ಕ್ರೈಸ್ತ ಪೂಜಾಪಠ್ಯದ ಗಾಯನ) ಕೂಡ ಆಗುತ್ತದೆ. ಅದರ ಕೊನೆಯ ಶಾಂತಿಪ್ರಾರ್ಥನೆಯ ಅಡಿಯಲ್ಲಿ ಟಿಂಪನಿ ದೂರದ ಸೈನ್ಯದಂತೆ ಬಡಿಯುತ್ತಲೇ ಇರುತ್ತದೆ. ಅದಕ್ಕೆ ನಾಲ್ವರು ಏಕಗಾಯಕರು ಬೇಕು.

ಗಾಯಕರನ್ನು ನಿಲ್ಲಿಸುವಾಗಲೂ ಬೆರೆಸಿ. ಹೊಸಬರಿದ್ದರೆ ಮೊದಲ ಮೂರು ದಿನ ಸ್ವರವಿಭಾಗದೊಳಗೇ, ಆಮೇಲೆ ನಾಲ್ಕು ಸ್ವರಗಳೂ ಕಲಸಿದ ಸಾಲು. ಉಚ್ಚಾರಣೆಗೆ ಮೂರನೆಯವರ ಒಂದೇ ಧ್ವನಿಮುದ್ರಣವನ್ನು ಎರಡೂ ಕಡೆಗೆ ಎರಡು ತಿಂಗಳು ಮುಂಚೆ ಕಳುಹಿಸಿ. ಜರ್ಮನ್ ಇಬ್ಬರಿಗೂ ಪರಭಾಷೆಯಾಗಿದ್ದರೆ ಒಳ್ಳೆಯದೇ, ತಪ್ಪುವುದರಲ್ಲಿ ಇಬ್ಬರೂ ಸಮ.

ಮುಗಿದಾಗ ಚಪ್ಪಾಳೆ ಬೇಡ ಎಂದಾದರೆ ಕಾರ್ಯಕ್ರಮಪಟ್ಟಿಯಲ್ಲಿ ಅಚ್ಚು ಹಾಕಿಸಿ, ದೀಪ ಮೆಲ್ಲಗೆ ಇಳಿಸಿ. ಡ್ರೆಸ್ಡೆನ್‌ನಲ್ಲಿ 1945ರ ಫೆಬ್ರವರಿ 13ರ ಬಾಂಬ್ ದಾಳಿಯ ನೆನಪಿನ ಕಛೇರಿಗಳು 1951ರಲ್ಲಿ ವೆರ್ದಿಯ ರಿಕ್ವಿಯಂನಿಂದ ಶುರುವಾದಾಗಿನಿಂದ ಮೌನದಲ್ಲೇ ಮುಗಿಯುತ್ತವೆ. ಹೇಳದೆ ಬಿಟ್ಟರೆ ಅರ್ಧ ಸಭೆ ಚಪ್ಪಾಳೆ ತಟ್ಟುತ್ತದೆ, ಉಳಿದರ್ಧ ಅವರನ್ನು ದುರುಗುಟ್ಟಿ ನೋಡುತ್ತದೆ.

ಖರಜ

ಜುಗಲ್‌ಬಂದಿಯ ಬಗ್ಗೆ. ಹಿಂದೂಸ್ತಾನಿ ಘರಾಣೆಗಳು ಗಡಿ ಎಳೆದಾಗ ಎರಡೂ ಕಡೆ ಹರಿದುಹೋದವು. ಕಿರಾಣಾದ ರೋಶನ್ ಆರಾ ಬೇಗಂ ಪಾಕಿಸ್ತಾನಕ್ಕೆ ಹೋದರು, ಕಸೂರಿನಲ್ಲಿ ಹುಟ್ಟಿದ ಬಡೇ ಗುಲಾಮ್ ಅಲಿ ಖಾನ್ 1957ರಲ್ಲಿ ಭಾರತದ ಪೌರತ್ವ ಪಡೆದರು. ಒಂದೇ ಬಂದಿಶು ಎರಡೂ ಕಡೆ ಉಳಿದಿದೆ. ಇಂಥ ಸಮಾನ ಮೂಲ ಇದ್ದಲ್ಲಿ ಜುಗಲ್‌ಬಂದಿ ಗಟ್ಟಿ ಆಯ್ಕೆ.

ಮೊದಲ ತೊಡಕು ಷಡ್ಜ. ಗಂಡು ದನಿ, ಹೆಣ್ಣು ದನಿ ಇದ್ದರೆ ಇಬ್ಬರಲ್ಲೊಬ್ಬರು ತಮ್ಮ ಶ್ರುತಿ ಬಿಟ್ಟುಕೊಡಬೇಕು. ಒಲ್ಲದಿದ್ದರೆ ಜಸ್‌ರಾಜ್ ಅವರು ರೂಪಿಸಿದ ಜಸ್‌ರಂಗಿಯ ದಾರಿ ಇದೆ: ಮೂರ್ಛನೆಯ ತತ್ವದಂತೆ ಒಬ್ಬರ ಮಧ್ಯಮ ಇನ್ನೊಬ್ಬರ ಷಡ್ಜವಾಗಿ, ಇಬ್ಬರೂ ತಮ್ಮ ತಮ್ಮ ಶ್ರುತಿಯಲ್ಲಿ ಬೇರೆಬೇರೆ ರಾಗ ಹಾಡುತ್ತಾರೆ. ಎರಡು ಪದ್ಧತಿಗಳವರಾದರೆ ರಾಗ ಇಬ್ಬರಿಗೂ ಮನೆಯದಾಗಿರಲಿ: ಮಾಲಕಂಸ–ಹಿಂದೋಳ, ಭೂಪ–ಮೋಹನ, ಇಲ್ಲವೇ ಹಂಸಧ್ವನಿ.

ಎರಡನೆಯ ತೊಡಕು ಸವಾಲ್-ಜವಾಬ್. ಜನ ಅದಕ್ಕೇ ಕಾಯುತ್ತಾರೆ. ನಿಮ್ಮ ಸಭೆಯಲ್ಲಿ ಮಾತ್ರ ಅದನ್ನು ಕೈಬಿಡಿ. ಪ್ರತಿ ಜವಾಬಿಗೂ ಅರ್ಧ ಸಭೆ ತನ್ನವರು ಗೆದ್ದರೆಂದು ಕೂಗುತ್ತದೆ. ಅದರ ಬದಲು ಒಬ್ಬರು ಆಲಾಪದಲ್ಲಿ ಬಿಟ್ಟ ಸ್ವರದಿಂದಲೇ ಇನ್ನೊಬ್ಬರು ಎತ್ತಿಕೊಳ್ಳುವಂತೆ ಗೊತ್ತುಮಾಡಿಕೊಳ್ಳಿ. ಕೊನೆಯ ತಿಹಾಯಿ ಇಬ್ಬರೂ ಒಟ್ಟಿಗೆ. 25 ನಿಮಿಷಕ್ಕೆ ಮಿತಿ ಹಾಕಿ, ತಬಲಾ ಒಬ್ಬರೇ ಇರಲಿ.

ಎರಡನೇಪಿಟೀಲು

ಜುಗಲ್‌ಬಂದಿ, ಬಾಖ್, ಬ್ರಾಮ್ಸ್, ಏಳನೇ ಸಿಂಫನಿ ಎಲ್ಲ ಸೇರಿದರೆ ಸಂಗೀತವೇ 95 ನಿಮಿಷ ಮೀರುತ್ತದೆ. ಮೊಜಾರ್ಟ್ ಆರಿಸಿದರೆ ಜುಗಲ್‌ಬಂದಿ ಬಿಡಿ. ಮೂರು ಟ್ರಾಂಬೋನ್ ಸೇರಿ ವೃಂದ 40 ಆಯಿತು, ನಿಮ್ಮ ಮಿತಿಯೊಳಗೇ ಇದೆ. ಏಕವಾದಕರು ಮೊದಲ ಕೃತಿ ಮುಗಿಸಿ ತಮ್ಮ ಸ್ಟ್ಯಾಂಡಿಗೆ ಮರಳಲಿ, ಬೇರೆಯವರನ್ನು ಕರೆಸಬೇಕಿಲ್ಲ.

ಹಣದ ಬಗ್ಗೆ ಯಾರೂ ಹೇಳಲಿಲ್ಲ. ಒಟ್ಟು ಮೊತ್ತದಲ್ಲಿ ಅರ್ಧಕ್ಕಿಂತ ಹೆಚ್ಚು ತಾಲೀಮಿನ ವಾಸಕ್ಕೂ ಪ್ರಯಾಣಕ್ಕೂ ಹೋಗಲಿ, ಐದನೇ ಒಂದು ಭಾಗವನ್ನು ಮುಂದಿನ ವರ್ಷಕ್ಕೆ ಮುಟ್ಟದೆ ಇಡಿ. ಪ್ಯಾಂಗ್ಯಾಂಗ್ ಕಛೇರಿಯ ಮರುವರ್ಷ ಮೇ ತಿಂಗಳಲ್ಲಿ ಉತ್ತರ ಕೊರಿಯಾ ಅಣುಪರೀಕ್ಷೆ ನಡೆಸಿತು, ನ್ಯೂಯಾರ್ಕ್ ವೃಂದಕ್ಕೆ ಅಲ್ಲಿ ಮುಂದಿನ ಕೆಲಸ ಇರಲಿಲ್ಲ. ದಿವಾನ್ ಉಳಿದದ್ದು ವರ್ಷ ವರ್ಷ ಸೇರಿದ್ದರಿಂದ. ಅದರಿಂದಲೇ 2016ರಲ್ಲಿ ಬರ್ಲಿನ್‌ನಲ್ಲಿ ಬಾರೆನ್‌ಬೊಯಿಮ್–ಸಯೀದ್ ಅಕಾಡೆಮಿ ಬೆಳೆಯಿತು.

ನಿಮ್ಮ ಕ್ವಾರ್ಟೆಟ್‌ಗಳಲ್ಲಿ ಎರಡನ್ನು ಆರಿಸಿ, ಕಛೇರಿಯಾದ ಎರಡು ತಿಂಗಳೊಳಗೆ ಒಂದನ್ನು ಆ ಕಡೆಗೂ ಒಂದನ್ನು ಈ ಕಡೆಗೂ ಕಳುಹಿಸಿ. ನಾಲ್ಕು ಜನ, ನಾಲ್ಕು ಕುರ್ಚಿ, ಒಂದು ಶಾಲೆಯ ಕೋಣೆ, 40 ನಿಮಿಷ. ಪ್ರತಿ ಕ್ವಾರ್ಟೆಟ್‌ನಲ್ಲಿ ಗಡಿ ದಾಟುವವರು ಇಬ್ಬರೇ, ಹಾಗಾಗಿ ವೀಸಾ ಒಟ್ಟು ನಾಲ್ಕು ಜನಕ್ಕಷ್ಟೇ ಬೇಕು. ಆ ಎರಡು ದಿನಾಂಕಗಳನ್ನು ದೊಡ್ಡ ಕಛೇರಿಯ ಕಾರ್ಯಕ್ರಮಪಟ್ಟಿಯ ಕೊನೆಯ ಪುಟದಲ್ಲೇ ಅಚ್ಚು ಹಾಕಿಸಿಬಿಡಿ.